ಗಿಟಾರಿನ ಮುಖಕ್ಕೆ ಇಟ್ಟ ಕುಂಕುಮ

ಅವನು ತೀರಿಕೊಂಡು ಇಪ್ಪತ್ತು ದಿನವಾಯಿತು. ದೊಡ್ಡಬಳ್ಳಾಪುರದಲ್ಲಿ ಈಗ ಎಲ್ಲರೂ ಅವನನ್ನು ಹೊಗಳುವವರೇ. "ಎಂಥಾ ಕಲಾವಿದ" ಅನ್ನುತ್ತಾರೆ. "ಕೈಯಲ್ಲಿ ಸರಸ್ವತಿ ಇದ್ದಳು" ಅನ್ನುತ್ತಾರೆ. ಇದೇ ಬಾಯಿಗಳು ಅವನು ಬದುಕಿದ್ದಾಗ "ಏನೋ ಕೆರೀತಾ ಕೂತವ್ನೆ ನೋಡು" ಎಂದು ಆಡಿಕೊಂಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮೈ ಉರಿಯುತ್ತದೆ. ಆದರೆ ಅವರನ್ನು ಬಯ್ಯುವ ಮೊದಲು ನನ್ನ ತಪ್ಪನ್ನು ನಾನು ಹೇಳಿಕೊಳ್ಳಬೇಕು. ಅವನ ಗಿಟಾರಿನ ಮುಖ ಕೆಡಿಸಿದವನು ನಾನು.

ನನ್ನ ಕಸುಬು ಪಾಲಿಷ್. ಬಾಗಿಲು, ಮಂಚ, ತೊಟ್ಟಿಲು, ದೇವರ ಮಂಟಪ, ಯಾವುದಾದರೂ ಸರಿ. ಇಪ್ಪತ್ತು ಇಪ್ಪತ್ತೆರಡರ ವಯಸ್ಸಿನಲ್ಲಿ ಊರಿನ ಒಂದು ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುತ್ತಿದ್ದೆ. ಅವನು ಅದರಲ್ಲಿ ಗಿಟಾರು. ಕೊನೆಗೆ ಊರಿಗೆ ಅವನ ಹೆಸರೂ ಅದೇ ಆಗಿಹೋಯಿತು. "ಗಿಟಾರು ಬಂದ್ನಾ?", "ಗಿಟಾರು ಊಟ ಮಾಡಿದ್ನಾ?" ಎಂದು ಕೇಳುತ್ತಿದ್ದರು, ಅವನೂ ಅದಕ್ಕೆ ಓಗೊಡುತ್ತಿದ್ದ. ಅವನು ನನ್ನನ್ನು ಕರೆಯುತ್ತಿದ್ದದ್ದು ಗುರು ಎಂದು. ನಾನು ಉಬ್ಬುವ ಹಾಗಿರಲಿಲ್ಲ, ಬಸ್ ಕಂಡಕ್ಟರನ್ನೂ ಬೀದಿ ನಾಯಿಯನ್ನೂ ಹಾಗೇ ಕರೆಯುತ್ತಿದ್ದ.

ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಅವನೂ ಅವನ ತಾಯಿಯೂ ಸೇರಿ ಸೀರೆ ನೇಯುತ್ತಿದ್ದರು. ಅವನಿಗೆ ತಾಳ ಕಲಿಸಿದವರು ಯಾರೂ ಇಲ್ಲ. ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ಕೂತು ಅದರ ಬಡಿತಕ್ಕೆ ಸರಿಯಾಗಿ ತಂತಿ ಮೀಟುತ್ತಾ ಕಲಿತ. ವೇದಿಕೆಯ ಮೇಲೆ ನಾನು ಎಲ್ಲಾದರೂ ತಾಳ ಬಿಟ್ಟು ಮುಂದೆ ಓಡಿಬಿಟ್ಟರೆ ಇಳಿದ ಮೇಲೆ ಹಿಡಿಯುತ್ತಿದ್ದ. "ಮಗ್ಗ ಯಾವತ್ತೂ ತಾಳ ತಪ್ಪಲ್ಲ ಗುರು. ಅದಕ್ಕೆ ಸಂಭಾವನೆ ಆಸೆ ಇಲ್ಲ, ಚಪ್ಪಾಳೆ ಆಸೆ ಇಲ್ಲ. ನಿಂಗೆ ಎರಡೂ ಇದೆ, ಅದಕ್ಕೇ ಓಡ್ತೀಯ." ನನಗೆ ಸಿಟ್ಟು ಬರುತ್ತಿತ್ತು. ಮಾತು ನಿಜವಾಗಿದ್ದರಿಂದ ಇನ್ನೂ ಹೆಚ್ಚು ಬರುತ್ತಿತ್ತು.

ಯಾರ ಜೊತೆಗಾದರೂ ಮಾತು ಶುರು ಮಾಡುವ ಮೊದಲು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಅವನ ಅಭ್ಯಾಸ. ಬೆವರು ಮರಕ್ಕೆ ವಿಷ ಎಂದು ಯಾರೋ ಹೇಳಿದ್ದರಂತೆ. ಗಿಟಾರು ಹತ್ತಿರದಲ್ಲಿ ಇಲ್ಲದಾಗಲೂ ಒರೆಸಿಕೊಳ್ಳುತ್ತಿದ್ದ. ಎಡಗೈಯ ಬೆರಳ ತುದಿಗಳಂತೂ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿ, ಬಿಸಿ ಟೀ ಲೋಟ ಹಿಡಿದರೂ ಸುಡುತ್ತಿರಲಿಲ್ಲ. ಟಚ್ ಫೋನ್ ಬಂದ ಮೇಲೆ ತಮಾಷೆ ಶುರುವಾಯಿತು. ಆ ಬೆರಳಲ್ಲಿ ಎಷ್ಟು ಒತ್ತಿದರೂ ಫೋನು ಕೇಳುತ್ತಲೇ ಇರಲಿಲ್ಲ. "ನೋಡ್ ಗುರು, ನಾನು ಮನುಷ್ಯ ಅಂತಾನೇ ಇದಕ್ಕೆ ಗೊತ್ತಾಗ್ತಿಲ್ಲ" ಎಂದು, ಬಲಗೈ ಖಾಲಿ ಇದ್ದರೂ, ನನ್ನ ಕೈಗೆ ಕೊಟ್ಟು ನಂಬರು ಒತ್ತಿಸಿಕೊಳ್ಳುತ್ತಿದ್ದ.

ಸಾಸಲು ಊರಿನ ಒಂದು ಗಣೇಶನ ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೇ ಕರೆಂಟು ಹೋಯಿತು. ಮೈಕು ಸತ್ತಿತು, ಕೀಬೋರ್ಡು ಸತ್ತಿತು, ಜನ ಸಿಳ್ಳೆ ಹೊಡೆಯತೊಡಗಿದರು. ನಾವೆಲ್ಲ ಕಲ್ಲು ಬೀಳುತ್ತದೆಂದು ಹಿಂದಕ್ಕೆ ಸರಿದರೆ ಇವನು ಗಿಟಾರನ್ನು ಕುತ್ತಿಗೆಗೆ ಹಾಕಿಕೊಂಡು ಕೆಳಗಿಳಿದ. ಕೂತ ಸಾಲುಗಳ ನಡುವೆ ನಡೆಯುತ್ತಾ ನುಡಿಸಿದ. ಒಂದು ಸಾಲಿಗೆ ಹಾಡಿನ ಒಂದು ತುಂಡು, ಮುಂದಿನ ಸಾಲಿಗೆ ಮುಂದಿನ ತುಂಡು. ಪೂರ್ತಿ ಹಾಡು ಯಾರಿಗೂ ಕೇಳಿಸಲಿಲ್ಲ. ಆದರೂ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಒಬ್ಬ ಅಜ್ಜಿ "ಇನ್ನೊಂದ್ ಕಿತ ಈ ಕಡೆ ಬಾರಪ್ಪ" ಎಂದು ಕೂಗಿದಳು. ಅವನು ತಿರುಗಿ ಹೋಗಿ ಆ ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದೇ ತುಂಡನ್ನು ಮತ್ತೆ ನುಡಿಸಿ ಬಂದ.

ಗಿಟಾರಿನ ಮೇಲ್ಹಲಗೆಯನ್ನು ಅವನು ಮುಖ ಎನ್ನುತ್ತಿದ್ದ. ಹೊಸದರಲ್ಲಿ ಅದು ಜೇನುಬಣ್ಣದಲ್ಲಿ ಹೊಳೆಯುತ್ತಿತ್ತು, ನಾನೇ ನೋಡಿದ್ದೇನೆ. ಅವನ ಮೀಟುವಿಕೆಯೋ, ಬಡಗಿ ಉಳಿ ಹಾಕಿದ ಹಾಗೆ. ವರ್ಷ ವರ್ಷಕ್ಕೆ ನಡುವಿನ ತೂತಿನ ಕೆಳಗೆ, ಬೆರಳು ಬಡಿಯುವ ಜಾಗದಲ್ಲಿ, ಅಂಗೈಯಗಲ ವಾರ್ನಿಷ್ ಹೋಗಿ ಬರೀ ಮರ ಉಳಿಯಿತು. ಆ ಬರೀ ಮರವೇ ಮುಂದೆ ಎಲ್ಲಕ್ಕೂ ಮೂಲವಾಯಿತು.

ಆಯುಧಪೂಜೆಯ ದಿನ ಅವನ ತಾಯಿಯನ್ನು ಹಿಡಿಯುವವರಿಲ್ಲ. ಮಗ್ಗಕ್ಕೆ, ಮೋಟರಿಗೆ, ಲಾಳಿಗೆ, ಸ್ಪ್ಯಾನರಿಗೆ, ಮೀಟರ್ ಬೋರ್ಡಿಗೆ, ಹೀಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅರಿಶಿನ ಕುಂಕುಮ. ಗಿಟಾರೂ ಅದೇ ಸಾಲಿನಲ್ಲಿ ಕೂರಬೇಕು. ಕುಂಕುಮವನ್ನು ನೀರಿನಲ್ಲಿ ಕಲಸಿ, ಸರಿಯಾಗಿ ಆ ಬರೀ ಮರದ ಮೇಲೆ, ರೂಪಾಯಿಯಗಲ ಇಡುತ್ತಿದ್ದರು.

"ಅಮ್ಮಾ, ಮುಖಕ್ಕೆ ಬೇಡಮ್ಮಾ, ಮರ ಕುಡೀತದೆ. ಬೆನ್ನಿಗಿಡು" ಎಂದು ಅವನು ಪ್ರತಿ ವರ್ಷ ಗೋಗರೆಯುತ್ತಿದ್ದ.

"ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರೇನೋ? ಹಣೆ ಎಲ್ಲದೆ ಅಂತ ನಂಗೊತ್ತಿಲ್ವಾ?" ಎಂದು ಆ ತಾಯಿ ಪ್ರತಿ ವರ್ಷ ಗದರುತ್ತಿದ್ದರು. ಮಾರನೆಯ ದಿನ ಒರೆಸಿದರೆ ಪುಡಿ ಹೋಗುತ್ತಿತ್ತು, ಕೆಂಪು ಹೋಗುತ್ತಿರಲಿಲ್ಲ. ಅಷ್ಟು ವರ್ಷದ ಆಯುಧಪೂಜೆಗಳು ಒಂದರ ಮೇಲೊಂದು ಇಂಗಿ ಅಲ್ಲಿ ಒಂದು ಕಂದುಗೆಂಪು ಮಚ್ಚೆ ನಿಂತುಬಿಟ್ಟಿತು.

ಆರ್ಕೆಸ್ಟ್ರಾಗಳ ಕಾಲ ಮುಗಿಯಿತು. ಪೆನ್‌ಡ್ರೈವಿನಲ್ಲಿ ಹಾಡು ಹಾಕಿ ಒಬ್ಬನೇ ಹಾಡಿ ಹೋಗುವವರು ಬಂದರು. ನಾನು ಪಾಲಿಷ್ ಹಿಡಿದೆ. ಅವನು ಮಗ್ಗದ ಜೊತೆಗೇ ಉಳಿದ. ಮಗ್ಗಗಳೂ ಹಳತಾಗಿ, ನೇಯಿಸುವವರು ಇಲ್ಲದೆ, ಒಂದು ದಿನ ಎರಡನ್ನೂ ಬಿಚ್ಚಿ ಗುಜರಿಯವನ ಗಾಡಿಗೆ ಹೇರಿದರು. ಆಗ ಅವನಿಗೆ ಐವತ್ತೆರಡು. ಮದುವೆಯಾಗಿರಲಿಲ್ಲ. ತಂಗಿಯನ್ನು ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಕೊಟ್ಟಾಗಿತ್ತು. ಕೆಲಸವಿಲ್ಲದ ಗಂಡಸು ಹಗಲಲ್ಲಿ ಮನೆಯಲ್ಲಿ ಕೂತರೆ ಬೀದಿ ಹೇಗೆ ನೋಡುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಅಂಥ ಹೊತ್ತಿನಲ್ಲಿ, ಏಳು ವರ್ಷದ ಹಿಂದೆ, ಒಂದು ಗುರುವಾರ ಮಧ್ಯಾಹ್ನ ಅವನು ನನ್ನ ಶೆಡ್ಡಿಗೆ ಏದುಸಿರು ಬಿಡುತ್ತಾ ಬಂದ. ದೇವನಹಳ್ಳಿ ಕಡೆಯ ಒಂದು ದೊಡ್ಡ ಶಾಲೆಗೆ ಗಿಟಾರ್ ಹೇಳಿಕೊಡುವವರು ಬೇಕು ಎಂದು ಪೇಪರಿನಲ್ಲಿ ಬಂದಿತ್ತು. ಅನುಭವ ಸಾಕು ಎಂದು ಬರೆದಿದ್ದರು. ಇವನು ಫೋನ್ ಮಾಡಿದ್ದ. ಸೋಮವಾರ ಹನ್ನೊಂದು ಗಂಟೆಗೆ ಬಂದು ಮಕ್ಕಳ ಮುಂದೆ ಅರ್ಧ ಗಂಟೆ ಪಾಠ ಮಾಡಿ ತೋರಿಸಿ ಎಂದಿದ್ದರು.

"ಗುರು, ಇದೊಂದು ಸಿಕ್ಕಿಬಿಟ್ರೆ ಸಾಯೋ ತನಕ ಗಿಟಾರ್ ಹಿಡ್ಕೊಂಡೇ ಬದುಕ್ತೀನಿ. ಸಿಗ್ಲಿಲ್ಲ ಅಂದ್ರೆ ಗೋದಾಮಲ್ಲಿ ವಾಚ್‌ಮನ್ ಕೆಲಸ ಇದೆ, ಬಾ ಅಂತವ್ರೆ. ಅಲ್ಲಿಗೆ ಹೋದ್ನೋ, ಇದು ಗೋಡೆಗೆ. ಮುಗೀತು." ಚೀಲ ಬಿಚ್ಚಿ ಗಿಟಾರನ್ನು ನನ್ನ ಬೆಂಚಿನ ಮೇಲೆ ಮಲಗಿಸಿದ. "ಈ ಮುಖ ಇಟ್ಕೊಂಡು ಅಂಥಾ ಶಾಲೆ ಒಳಕ್ಕೆ ಹೆಂಗೋಗ್ಲಿ ಹೇಳು? ಭಿಕ್ಷದವನು ಅನ್ಕೋತಾರೆ. ನೀನು ಮಾಡ್ಕೊಡು. ನಿನ್ ಕೈ ಹಿಡ್ಕೋತೀನಿ." ಬಾಯಿಮಾತಿಗಲ್ಲ, ನಿಜವಾಗಿಯೂ ನನ್ನ ಎರಡೂ ಕೈ ಹಿಡಿದುಕೊಂಡ. ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಏನೂ ಬೇಡಿರಲಿಲ್ಲ.

ಬೇರೆ ಗಿಟಾರು ಕೇಳಿ ತರೋಣವೇ ಎಂದೆ. ಬೇರೆಯದನ್ನು ಹಿಡಿದರೆ ಬೆರಳು ಜಾಗ ಹುಡುಕುತ್ತದೆ, ಮಕ್ಕಳ ಮುಂದೆ ಮಾನ ಹೋಗುತ್ತದೆ ಎಂದ. ಮುಖ ಯಾರು ನೋಡ್ತಾರೋ, ಹೋಗಿ ನುಡಿಸೋ ಎಂದು ನಾನು ಬಯ್ದು ಕಳಿಸಬೇಕಾಗಿತ್ತು. ಕಳಿಸಲಿಲ್ಲ. ದೊಡ್ಡ ದೊಡ್ಡ ಮನೆಗಳ ತೇಗದ ಬಾಗಿಲಿಗೆ ಕನ್ನಡಿ ಹಾಗೆ ಪಾಲಿಷ್ ಕೊಟ್ಟವನು ನಾನು, ಇದ್ಯಾವ ಲೆಕ್ಕ ಎಂದುಕೊಂಡೆ. ಜಂಬ, ಇನ್ನೇನು.

ಶುಕ್ರವಾರ ತಂತಿ ಬಿಚ್ಚಿ, ಕೊಳೆ ತೆಗೆದು, ಅತಿ ನುಣುಪಾದ ಸ್ಯಾಂಡ್‌ಪೇಪರಿನಲ್ಲಿ ಮರದ ಗೆರೆ ಹಿಡಿದು ಉಜ್ಜಿದೆ. ಬೆವರಿನ ಕಪ್ಪು ಹೋಯಿತು. ಕೆಂಪು ಹೋಗಲಿಲ್ಲ. ಇನ್ನಷ್ಟು ಉಜ್ಜೋಣವೆಂದರೆ ಅದು ಬಾಗಿಲಲ್ಲ, ಹಪ್ಪಳದಷ್ಟು ತೆಳುವಾದ ಹಲಗೆ. ಅವನು ಪಕ್ಕದಲ್ಲೇ ನಿಂತು, ನಾನು ನಾಲ್ಕು ಸಲ ಉಜ್ಜಿದರೆ ಒಂದು ಸಲ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. "ಸಾಕು ಗುರು. ಇನ್ ಉಜ್ಜಿದ್ರೆ ಸ್ವರ ಹೊಂಟೋಯ್ತದೆ."

"ಹಂಗಾದ್ರೆ ಕರೀ ಬಣ್ಣ ಹೊಡೆದುಬಿಡ್ತೀನಿ ಬಿಡೋ. ಏನೂ ಕಾಣಲ್ಲ."

"ಬಾಯಿಗೆ ಬಟ್ಟೆ ತುರುಕ್ದಂಗೆ ಕಣೋ ಅದು. ಬೇಡ."

ಶನಿವಾರ ನನಗೊಂದು ಉಪಾಯ ಹೊಳೆಯಿತು. ಅವನ ತಾಯಿ ಅಂಗಡಿ ಕುಂಕುಮ ಮುಟ್ಟುವವರಲ್ಲ, ಅರಿಶಿನಕ್ಕೆ ಸುಣ್ಣ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುವವರು. ಸುಣ್ಣ ಬಿದ್ದರೆ ಅರಿಶಿನ ಕೆಂಪಾಗುತ್ತದೆ, ಹುಳಿ ಬಿದ್ದರೆ ತಿರುಗಿ ಹಳದಿಯಾಗುತ್ತದೆ. ಆರತಿ ನೀರು ಕಲಸಿದ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಇದು ಗೊತ್ತು. ಮರವೂ ಹಳದಿ, ಕಲೆಯೂ ಹಳದಿಯಾದರೆ ಸೇರಿಕೊಂಡುಬಿಡುತ್ತದೆ. ಬಟ್ಟೆಗೆ ಒಂದು ಹನಿ ನಿಂಬೆರಸ ಹಾಕಿ ಮಚ್ಚೆಯ ಅಂಚಿಗೆ ಒತ್ತಿದೆ. ಕೆಂಪು ಹೋಗಿ ಹೊಂಬಣ್ಣ ಬಂತು! ಅವನು ಕೂಗಿಬಿಟ್ಟ. ನನ್ನ ಬೆನ್ನು ತಟ್ಟಿದ. "ನೀನು ಪಾಲಿಷ್‌ನೋನಲ್ಲ ಕಣೋ, ಡಾಕ್ಟ್ರು" ಎಂದ. ನಡುವಿನ ಕೆಂಪು ಪೂರ್ತಿ ಬಿಟ್ಟಿರಲಿಲ್ಲ, ಆದರೆ ಅಲ್ಲಿ ಕಲೆ ದಪ್ಪಗಿದೆ, ಅರಗಿನ ಪಾಲಿಷ್ ಬಿದ್ದರೆ ಅದೂ ಕೂಡಿಕೊಳ್ಳುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ. ಅಂಚಿಗೆ ಪರೀಕ್ಷೆ ಮಾಡಿದವನು ನಡುವಿಗೆ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಸೋಸಿ, ಹತ್ತಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಉಂಡೆ ಕಟ್ಟಿಕೊಂಡೆ. ಇಂಗ್ಲಿಷಿನ ಎಂಟು ಬರೆದ ಹಾಗೆ ಕೈ ಆಡಿಸಬೇಕು, ಎಲ್ಲೂ ನಿಲ್ಲಿಸಬಾರದು. ಮೊದಲನೇ ಕೈ ಮೇಲಿನಿಂದ ಶುರು ಮಾಡಿದೆ. ಮರ ಮೈ ತುಂಬಿಕೊಂಡು ಹೊಳೆಯಿತು. ಮಚ್ಚೆಯ ಮೇಲೆ ಹಾದು ಈಚೆಗೆ ಬಂದ ಉಂಡೆಯ ಹಿಂದೆ ಕೆಂಪು ಗೆರೆ ಬಂತು. ಕುಂಕುಮಗೆಂಪಲ್ಲ, ಹೋಳಿಯ ಬಣ್ಣದಂಥ ಗುಲಾಬಿಗೆಂಪು. ಒರೆಸೋಣವೆಂದು ಬರೀ ಸ್ಪಿರಿಟ್ ಹಾಕಿದೆ. ಒರೆಸಿದಷ್ಟೂ ಹರಡಿತು. ಒಂದು ಗಳಿಗೆಯಲ್ಲಿ ತೂತಿನ ಸುತ್ತ, ಕೆಳಗೆ, ಅಂಚಿನ ತನಕ, ಮುಖವೆಲ್ಲ ಕೆಂಪು. ನಿಂಬೆಹಣ್ಣು ಹಿಂಡಿದೆ, ಏನೂ ಆಗಲಿಲ್ಲ. ಮತ್ತೆ ಸ್ಪಿರಿಟ್ ಬಾಟಲಿಗೇ ಕೈ ಹಾಕಿದೆ.

ಅವನು ನನ್ನ ಮಣಿಕಟ್ಟು ಹಿಡಿದ. "ಬಿಡು ಗುರು. ಇನ್ ಮುಟ್ಬೇಡ."

ಇಬ್ಬರೂ ಅವನ ಮನೆಗೆ ಓಡಿದೆವು. ತಾಯಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಅಮ್ಮಾ, ಕುಂಕುಮ ಮನೇದೇ ಅಲ್ವಾ ನೀನಿಟ್ಟಿದ್ದು?" ಎಂದು ಅವನು ಕೇಳಿದ. ಅವರು ಇಬ್ಬರ ಮುಖವನ್ನೂ ನೋಡಿ ಹೆದರಿದರು. "ಈಗ ನಾಲ್ಕೈದು ವರ್ಷದಿಂದ ಪ್ಯಾಕೆಟ್‌ದು ಕಣಪ್ಪಾ. ಸೊಂಟ ಬಗ್ಗಲ್ಲ, ಯಾರು ಅರಿಶಿನ ಕುಟ್ತಾರೆ? ಯಾಕೆ, ದೇವ್ರಿಗೇನಾದ್ರೂ ಆಯ್ತಾ?" ಎಂದರು. ಪ್ಯಾಕೆಟ್ ಕುಂಕುಮದಲ್ಲಿರುವುದು ಅರಿಶಿನವಲ್ಲ, ಸ್ಪಿರಿಟ್ಟಿಗೆ ಕರಗುವ ಬಣ್ಣ, ಹುಳಿಗೆ ಅದು ಬಗ್ಗುವುದಿಲ್ಲ.

"ಏನಿಲ್ಲಮ್ಮಾ. ಸುಮ್ನೆ ಕೇಳ್ದೆ" ಎಂದ. ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡ ಎಂದ. ಆ ತಾಯಿಗೆ ಸಾಯುವ ತನಕ ವಿಷಯ ಗೊತ್ತಾಗಲಿಲ್ಲ.

ಸಂಜೆಗೆ ತಂತಿ ಕಟ್ಟಿದ. ಒಂದು ಸಲ ಮೀಟಿ ನೋಡಿ, "ಸ್ವರ ಹಂಗೇ ಅದೆ ಗುರು, ನೀನೇನೂ ಕೆಡಿಸಿಲ್ಲ" ಎಂದ. ನನಗೆ ಅಳು ಬಂತು. ಗಂಡಸು ಅಳಬಾರದೆಂದು ಹೊರಗೆ ಹೋಗಿ ಮೂಗು ಸೀಟಿ ಬಂದೆ. ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಚೀಲದ ಜಿಪ್ಪನ್ನು ಮೇಲಿನ ತನಕ ಎಳೆದು, ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಕಿಟಕಿ ಪಕ್ಕ ಕೂತಿದ್ದ. ಬಸ್ಸು ಹೊರಟ ಮೇಲೂ ನಾನು ಅಲ್ಲೇ ನಿಂತು ಯಾವ ಯಾವ ದೇವರಿಗೋ ಕೈ ಮುಗಿದೆ.

ಸಂಜೆ ಐದರ ಹೊತ್ತಿಗೆ ಶೆಡ್ಡಿಗೆ ಬಂದ. ನಾನು ಎದ್ದು ನಿಂತೆ. "ಗಿಟಾರ್ ತೆಗ್ಸಲೇ ಇಲ್ಲ ಗುರು. ಡಿಗ್ರಿ ಇದೆಯಾ ಅಂದ್ರು. ಇಲ್ಲ ಅಂದೆ. ಟೀ ಕೊಟ್ಟು ಕಳಿಸಿದ್ರು" ಎಂದ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವನಿಗೆ ಕೆಲಸ ಸಿಗದ ಆ ದಿನ ನನಗೆ ಸಮಾಧಾನವಾಯಿತು. ಅವನ ಕೆಲಸ ಹೋದದ್ದು ನನ್ನ ಕೈಯಿಂದಲ್ಲ, ಡಿಗ್ರಿಯಿಂದ. ಆ ಶಾಲೆಯವರನ್ನು ಅವನಿಗಿಂತ ಜೋರಾಗಿ ನಾನೇ ಬಯ್ದೆ. ಪೇಪರಿನಲ್ಲಿ ಅನುಭವ ಸಾಕು ಎಂದು ಬರೆದಿದ್ದರಲ್ಲ ಎಂಬುದು ಆಗ ನೆನಪಾಗಲೇ ಇಲ್ಲ. ನೆನಪಾಗುವುದು ನನಗೆ ಬೇಡವಾಗಿತ್ತು.

ಮುಂದಿನ ವಾರದಿಂದ ಅವನು ಗೋದಾಮಿನ ಗೇಟಿನಲ್ಲಿ ನಿಂತ. ನೀಲಿ ಅಂಗಿ, ಭುಜಕ್ಕೆ ಪಟ್ಟಿ, ಒಂದು ಸೈಜು ದೊಡ್ಡದಾದ ಟೋಪಿ. ಕಂಡಾಗ "ಏನ್ ಗುರು" ಎಂದು ಸೆಲ್ಯೂಟ್ ಹೊಡೆದು ನಗಿಸುತ್ತಿದ್ದ. ಮಾತಿಗೆ ಮೊದಲು ಕೈ ಒರೆಸಿಕೊಳ್ಳುವುದನ್ನು ಮಾತ್ರ ನಿಲ್ಲಿಸಿದ್ದ. ಗಿಟಾರು ಚೀಲದಿಂದ ಆಚೆಗೆ ಬಂದದ್ದನ್ನು ಆಮೇಲೆ ಯಾರೂ ನೋಡಲಿಲ್ಲ. ಎರಡು ವರ್ಷ ಕಳೆದು ತಾಯಿ ಹೋದರು. ಅದಾದ ಮೇಲೆ ಬೆರಳ ತುದಿಯ ಜಡ್ಡೂ ಕರಗಿತು. ಒಂದು ದಿನ ತನ್ನ ಎಡಗೈ ಬೆರಳಲ್ಲೇ ಫೋನ್ ಒತ್ತಿ, "ನೋಡ್ದಾ, ಈಗ ಮನುಷ್ಯ ಅಂತ ಗೊತ್ತಾಯ್ತು ಇದಕ್ಕೆ" ಎಂದ. ನಾನು ನಗಬೇಕೆಂದು ಕಾಯುತ್ತಿದ್ದ. ನನ್ನಿಂದ ಆಗಲಿಲ್ಲ.

ಈ ವರ್ಷ, ನಾಲ್ಕು ತಿಂಗಳ ಹಿಂದೆ, ಬಾಗಿಲುಗಳಿಗೆ ಪಾಲಿಷ್ ಹಾಕುವ ಕೆಲಸಕ್ಕೆ ಅದೇ ಶಾಲೆಯಿಂದ ಕರೆ ಬಂತು. ಗೇಟಿನಲ್ಲಿ ವಾಚ್‌ಮನ್ ನನ್ನ ಚೀಲ ಬಿಚ್ಚಿಸಿ, ಡಬ್ಬಿಗಳನ್ನೆಲ್ಲ ಮೂಸಿ ನೋಡಿದ. ಯಾವೂರು ಎಂದ. ಹೇಳಿದೆ.

"ದೊಡ್ಡಬಳ್ಳಾಪುರನಾ? ನಿಮ್ಮೂರೋರು ಒಬ್ರು ಬಂದಿದ್ರು ಕಣ್ರೀ, ಆಗ್ಲೇ ಆರೇಳು ವರ್ಷ ಆಯ್ತು, ಗಿಟಾರ್ ತಗೊಂಡು. ಚೆಕ್ ಮಾಡ್ಬೇಕು ಬಿಚ್ಚಿ ಅಂದೆ. ಬಿಚ್ಚೋಕೇ ಒಪ್ತಿರ್ಲಿಲ್ಲ. ಕೊನೇಗೆ ಬಿಚ್ಚಿದ್ರು ನೋಡಿ, ಒಳಗೆ ಕೋಳಿ ಕುಯ್ದಂಗೆ ಕೆಂಪು! ಏನ್ ಸಾರ್, ಕೊಲೆ ಮಾಡ್ಕೊಂಡು ಬಂದ್ರಾ ಅಂತ ನಕ್ಕುಬಿಟ್ಟೆ. ತಮಾಷೆಗಪ್ಪಾ. ಆ ಮನುಷ್ಯ ಜಿಪ್ ಹಾಕ್ಕೊಂಡು ವಾಪಸ್ ಹೊರಟೇಹೋದ್ರು. ಒಳಗಿಂದ ಮೂರ್ ಸಲ ಫೋನ್ ಬಂತು, ಗಿಟಾರ್ ಸಾರ್ ಬಂದ್ರಾ, ಮಕ್ಕಳು ಕಾಯ್ತಾವ್ರೆ ಅಂತ." ಹೇಳುತ್ತಾ ಹೇಳುತ್ತಾ ಮತ್ತೆ ನಕ್ಕ. ಕೆಟ್ಟವನಲ್ಲ, ನನಗೆ ಕುಡಿಯಲು ನೀರೂ ಕೊಟ್ಟ.

ಆ ದಿನ ನನ್ನ ಪಾಲಿನ ಬಾಗಿಲು ಸಂಗೀತದ ಕೋಣೆಯದು. ಒಳಗೆ ಗೋಡೆಯುದ್ದಕ್ಕೂ ಹನ್ನೆರಡು ಗಿಟಾರುಗಳನ್ನು ತೂಗುಹಾಕಿದ್ದರು. ಕೆಲವು ಹೊಸವು. ಕೆಲವು ಮಕ್ಕಳ ಕೈಯಲ್ಲಿ ಕೆರೆದು, ಚಕ್ಕೆ ಎದ್ದು, ಅವನದಕ್ಕಿಂತ ಕಡೆಯಾಗಿದ್ದವು. ಒಬ್ಬರೂ ಅವನ್ನು ಸರಿ ಮಾಡಿಸಿರಲಿಲ್ಲ. ನಾನು ಬಾಗಿಲ ಹತ್ತಿರ ಕೂತುಬಿಟ್ಟೆ. ಅಂದು ಕೆಲಸ ಮಾಡಲು ಆಗಲಿಲ್ಲ.

ಅವನು ಆಗ ವಿಜಯಪುರದಲ್ಲಿ ತಂಗಿಯ ಮನೆಯಲ್ಲಿದ್ದ. ಕಿಡ್ನಿ ಕೈಕೊಟ್ಟಿತ್ತು. ಕಾಲು ಹಿಡಿದುಕೊಂಡು ತಪ್ಪು ಒಪ್ಪಿಕೊಳ್ಳುವುದು ಎಂದು ಬಸ್ಸಿನಲ್ಲಿ ಮಾತೆಲ್ಲ ಜೋಡಿಸಿಕೊಂಡು ಹೋದೆ. ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳು ಓಡುತ್ತಿದ್ದವು. ಅವನು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದ. ಮುಖ ಊದಿತ್ತು. ನೋಡಿದ ತಕ್ಷಣ ನನ್ನ ಮಾತುಗಳೆಲ್ಲ ಮರೆತುಹೋದವು.

"ಆ ಶಾಲೆಗೆ ಹೋಗಿದ್ದೆ ಕಣೋ, ಬಾಗಿಲು ಪಾಲಿಷ್‌ಗೆ" ಎಂದೆ.

ಅವನು ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡ. ಆಮೇಲೆ "ಆ ವಾಚ್‌ಮನ್ ಇನ್ನೂ ಅವ್ನಾ?" ಎಂದ.

ನಾನು ತಲೆಯಾಡಿಸಿದೆ. ಕೈ ಅವನ ಕಾಲಿನ ಕಡೆ ಹೋಯಿತು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ನಿಂದೇನಿಲ್ಲ ಗುರು. ನಕ್ರೆ ನಗ್ಲಿ ಅಂತ ನಾನು ಒಳಗೆ ಹೋಗ್ಬೇಕಾಗಿತ್ತು. ನಂಗೆ ಆಗ್ಲಿಲ್ಲ. ಆ ಗೇಟಿಂದ ಒಂದು ಐವತ್ತು ಹೆಜ್ಜೆ ಇರಬೋದು. ಹೋಗೋಕಾಗ್ಲಿಲ್ಲ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಆಮೇಲೆ ನಾನೂ ಆರು ವರ್ಷ ಗೇಟಲ್ಲಿ ನಿಂತು ಜನದ ಚೀಲ ಬಿಚ್ಚಿಸ್ದೆ ಅಲ್ವಾ? ಏನೇನಿರ್ತಿತ್ತು ಗೊತ್ತಾ ಒಳಗೆ. ಹರ್ದಿರೋ ಬಟ್ಟೆ, ಹಳಸಿರೋ ಅನ್ನ. ಒಂದಿನಾನೂ ನಗ್ಲಿಲ್ಲ ಗುರು. ಅದೊಂದು ಮಾಡ್ದೆ ನಾನು."